ತೋಡಿಗೆ ಉಬ್ಬರ ಬೇಕು, ಹಕ್ಕಿಗೆ ಇಳಿತ ಬೇಕು

(ಸುಲ್ತಾನ್ ತೋಡು ಮತ್ತು ಕವ್ವಾಯಿ ಕಾಯಲಿನಲ್ಲಿ ದೋಣಿಯಾನದ ಬಗ್ಗೆ ಕಾಸರಗೋಡಿನ ಕನ್ನಡ ಕೇಳುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅಡಿಕೆ ತೋಟದ ನಡುವೆ ಹರಿಯುವ ನೀರಿಗೂ ನಾವು ತೋಡು ಅನ್ನುತ್ತೇವೆ. ಬೇಸಿಗೆಯಲ್ಲಿ ಅದನ್ನು ಒಂದೇ ಹೆಜ್ಜೆಗೆ ದಾಟುತ್ತೇವೆ. ಹಾಗಾಗಿ ಸುಲ್ತಾನ್ ತೋಡು ಅಂದಕೂಡಲೇ ಕುಂಬಳೆ, ಬದಿಯಡ್ಕ ಕಡೆಯವರ ಕಣ್ಣಿಗೆ ಬರುವುದು ಅಂಥದ್ದೇ ಒಂದು ಕಿರುಗಾಲುವೆ. ಮಲಯಾಳದಲ್ಲೂ ಶಬ್ದ ಅದೇ, ಆದರೆ ಇದು ಬೇರೆ ಸಂಗತಿ. ಕಣ್ಣೂರು ಜಿಲ್ಲೆಯ ಪಳಯಂಗಾಡಿ ಹೊಳೆಯನ್ನೂ ಅದರ ಉತ್ತರಕ್ಕಿರುವ ಪಾಲಕ್ಕೋಡ್ ಹೊಳೆಯನ್ನೂ ಜೋಡಿಸಲು ಮನುಷ್ಯರು ಕಡಿದ ಜಲಮಾರ್ಗ ಇದು. ಉದ್ದ ಸುಮಾರು 3.8 ಕಿಲೋಮೀಟರ್, ಕಡಿದದ್ದು 1766ರಲ್ಲಿ.

ಯಾಕೆ ಕಡಿದರು ಅನ್ನುವುದು ನಕ್ಷೆ ನೋಡಿದರೆ ಅರ್ಥವಾಗುತ್ತದೆ. ಪಯ್ಯನ್ನೂರಿನ ಪಡುವಣಕ್ಕೆ ಏಳಿಮಲೆ ಸಮುದ್ರದೊಳಕ್ಕೆ ಮೂಗು ಚಾಚಿದಂತೆ ನಿಂತಿದೆ. ಎತ್ತರ 286 ಮೀಟರ್. ಹಡಗಿನವರಿಗೆ ಅದು ದೂರದಿಂದಲೇ ಕಾಣುವ ಗುರುತು, ಸಣ್ಣ ಸರಕು ದೋಣಿಯವರಿಗೆ ತಲೆನೋವು. ಗುಡ್ಡವನ್ನು ಸುತ್ತಬೇಕಾದರೆ ತೆರೆದ ಕಡಲಿಗೆ ಇಳಿಯಲೇಬೇಕು, ಮಳೆಗಾಲದಲ್ಲಿ ಅದು ಆಗದ ಮಾತು. ಗುಡ್ಡದ ಬೆನ್ನ ಹಿಂದೆ ಒಳದಾರಿ ಒಂದಿದ್ದರೆ ನೀಲೇಶ್ವರದಿಂದ ವಳಪಟ್ಟಣದ ಕಡೆಗೆ ಕಡಲು ಮುಟ್ಟದೆ ಹೋಗಬಹುದು. ಆ ಒಳದಾರಿಯಲ್ಲಿ ಕೊರತೆ ಇದ್ದದ್ದು ಈ ನಾಲ್ಕು ಕಿಲೋಮೀಟರಿನ ತುಂಡು ಮಾತ್ರ.

ಟಿಪ್ಪು ಸುಲ್ತಾನ್ ಕಡಿಸಿದ್ದು ಅಂತ ಹಲವರು ಹೇಳುತ್ತಾರೆ. ಇಸವಿ ಒಪ್ಪುವುದಿಲ್ಲ. ಟಿಪ್ಪು ಪಟ್ಟಕ್ಕೆ ಬಂದದ್ದು 1782ರ ಕೊನೆಗೆ. 1766ರಲ್ಲಿ ಅವನಿನ್ನೂ ಹದಿಹರೆಯದ ಹುಡುಗ. ಆ ವರ್ಷ ಮಲಬಾರಿಗೆ ದಂಡೆತ್ತಿ ಬಂದವನು ಹೈದರಾಲಿ. ಕಣ್ಣೂರು ಸುತ್ತಿನ ಹಳೆಯ ರಾಜ್ಯವಾದ ಕೋಲತ್ತುನಾಡಿನ ಉಸ್ತುವಾರಿಯನ್ನು ಅವನು ಕಣ್ಣೂರಿನ ಅರಕ್ಕಲ್ ಮನೆತನದ ಆಲಿ ರಾಜನಿಗೆ ವಹಿಸಿದ್ದ, ತೋಡು ಕಡಿಸಿದವನು ಆ ಆಲಿ ರಾಜ. ಹೆಸರಿನಲ್ಲಿ ಸುಲ್ತಾನ ಇದ್ದಾನೆಂದು ಎಲ್ಲವನ್ನೂ ಶ್ರೀರಂಗಪಟ್ಟಣದ ಲೆಕ್ಕಕ್ಕೆ ಬರೆಯಬೇಕಾಗಿಲ್ಲ.

ಇನ್ನೊಂದು ಶಬ್ದದ ಸಂಗತಿ. ತೋಡಿನ ಉತ್ತರಕ್ಕಿರುವುದು ಕವ್ವಾಯಿ ಕಾಯಲು. ಕಾಯಲು ಅನ್ನುವುದಕ್ಕೆ ಪತ್ರಿಕೆಗಳು ಹಿನ್ನೀರು ಎಂದು ಬರೆಯುತ್ತವೆ. ಕನ್ನಡದಲ್ಲಿ ಹಿನ್ನೀರು ಅಂದರೆ ಮೊದಲು ನೆನಪಾಗುವುದು ಲಿಂಗನಮಕ್ಕಿ, ಅಂದರೆ ಅಣೆಕಟ್ಟಿನ ಹಿಂದೆ ನಿಂತ ಸಿಹಿನೀರು. ಕಾಯಲಿನ ನೀರು ನಿಂತದ್ದಲ್ಲ, ಸಿಹಿಯೂ ಅಲ್ಲ. ದಿನಕ್ಕೆ ಎರಡು ಸಲ ಅಳಿವೆಯಿಂದ, ಅಂದರೆ ಹೊಳೆ ಕಡಲು ಸೇರುವ ಬಾಯಿಯಿಂದ, ಕಡಲು ಒಳಬರುತ್ತದೆ, ಎರಡು ಸಲ ಹೊರಹೋಗುತ್ತದೆ. ಇವತ್ತಿನ ಮಾತೆಲ್ಲ ಆ ಹೋಗಿಬರುವಿಕೆಯ ಮೇಲೆಯೇ ನಿಂತಿದೆ, ಆದ್ದರಿಂದ ಕಾಯಲು ಅಂತಲೇ ಇರಲಿ.

ಮೊದಲು ಹೊತ್ತಿನ ಲೆಕ್ಕ. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತಿನ ಉಬ್ಬರಕ್ಕಿಂತ ನಾಳೆಯದು ಹತ್ತಿರ ಹತ್ತಿರ 50 ನಿಮಿಷ ತಡ. ಮೊಬೈಲಿನಲ್ಲಿ ಪಟ್ಟಿ ಸಿಗುತ್ತದೆ, ನಿಜ. ಆದರೆ ಅದು ಬಂದರಿನ ಹೊತ್ತು, ನಿಮ್ಮ ಕಡವಿನದ್ದಲ್ಲ, ಅಂದರೆ ನೀವು ದೋಣಿ ಹತ್ತುವ ಜಾಗದ್ದಲ್ಲ. ಅಳಿವೆಯಿಂದ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ತಲುಪುತ್ತದೆ, ಎತ್ತರವೂ ಕುಗ್ಗುತ್ತದೆ. ಹೀಗಾಗಿ ಪಂಚಾಂಗದ ಲೆಕ್ಕ ಇನ್ನೂ ಕೆಲಸಕ್ಕೆ ಬರುತ್ತದೆ. ಒಂದು ಕಡವಿನಲ್ಲಿ ಅಮಾವಾಸ್ಯೆಯಂದು ನೀರು ಪೂರ್ತಿ ತುಂಬುವ ಹೊತ್ತನ್ನು ಬರೆದಿಟ್ಟುಕೊಳ್ಳಿ. ಆಮೇಲೆ ತಿಥಿಗೆ ಎರಡು ಗಳಿಗೆಯಂತೆ ಕೂಡಿಸುತ್ತ ಹೋಗಿ. ಗಳಿಗೆ ಅಂದರೆ 24 ನಿಮಿಷ, ಎರಡಕ್ಕೆ 48. ಅಮಾವಾಸ್ಯೆಗೆ ಬೆಳಿಗ್ಗೆ ಹನ್ನೊಂದೂವರೆಗೆ ತುಂಬಿದ್ದರೆ ಪಂಚಮಿಗೆ ಐದು ನಲವತ್ತೆಂಟಲಿ 240, ಅಂದರೆ ನಾಲ್ಕು ಗಂಟೆ ತಡ, ಮಧ್ಯಾಹ್ನ ಮೂರೂವರೆ. ಹುಣ್ಣಿಮೆಯಿಂದ ಮತ್ತೆ ಮೊದಲಿನಿಂದ ಎಣಿಸಬೇಕು. ಅಷ್ಟಮಿಯ ಆಸುಪಾಸಿನಲ್ಲಿ ಈ ಲೆಕ್ಕ ಅರ್ಧ ಗಂಟೆಗೂ ಮಿಕ್ಕಿ ತಪ್ಪಬಹುದು, ಆ ದಿನಗಳಲ್ಲಿ ಉಬ್ಬರವೂ ಸಣ್ಣದು. ತೋಡಿಗೆ ಇಳಿಯಲು ಅಷ್ಟಮಿ, ನವಮಿ ಬೇಡ.

ಹೊತ್ತು ತಿಳಿದರೆ ಸಾಲದು, ನೀರು ಏರುವ ವೇಗವೂ ಗೊತ್ತಿರಬೇಕು. ನೀರು ಒಂದೇ ಸಮನೆ ಏರುವುದಿಲ್ಲ. ಲೆಕ್ಕಕ್ಕೆ ಒಟ್ಟು ಏರಿಕೆ 120 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಮೊದಲ ಗಂಟೆಯಲ್ಲಿ ಏರುವುದು 10 ಸೆಂ.ಮೀ., ಎರಡನೆಯದರಲ್ಲಿ 20, ಮೂರು ಮತ್ತು ನಾಲ್ಕರಲ್ಲಿ ತಲಾ 30, ಐದರಲ್ಲಿ 20, ಆರರಲ್ಲಿ 10. ಇಳಿಯುವಾಗಲೂ ಇದೇ ಕ್ರಮ. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಓಡಾಡಿಬಿಡುತ್ತದೆ, ಸೆಳೆತ ಜೋರಿರುವುದೂ ಆಗಲೇ.

ಈಗ ತೋಡಿನ ಒಳಗುಟ್ಟು. ಸಾಮಾನ್ಯ ಹೊಳೆಯಲ್ಲಿ ನೀರಿಗೆ ಒಂದೇ ಬಾಗಿಲು. ಎರಡು ಹೊಳೆಗಳನ್ನು ಜೋಡಿಸಿದ ತೋಡಿಗೆ ಎರಡು ಬಾಗಿಲು, ಉಬ್ಬರ ಎರಡೂ ಕಡೆಯಿಂದ ನುಗ್ಗುತ್ತದೆ. ಎರಡು ನೀರೂ ಎದುರಾಗುವ ಜಾಗದಲ್ಲಿ ಸೆಳೆತ ಸತ್ತುಹೋಗುತ್ತದೆ. ಸೆಳೆತ ಸತ್ತಲ್ಲಿ ನೀರು ಹೊತ್ತು ತಂದ ಕೆಸರು ಕೆಳಗಿಳಿಯುತ್ತದೆ. ಆದ್ದರಿಂದ ಇಂಥ ತೋಡುಗಳು ತುದಿಯಲ್ಲಿ ಆಳವಾಗಿ, ನಡುವಿನಲ್ಲೆಲ್ಲೋ ಹೂಳು ತುಂಬಿ ತಟ್ಟೆಯಾಗಿರುತ್ತವೆ. ತೋಡಿನ ಬಾಯಿಯಲ್ಲಿ ಬಿದಿರ ಗಳ ಮುಳುಗುವಷ್ಟು ನೀರಿದೆಯೆಂದು ನಂಬಿ ಎಂಜಿನ್ ಬಿಟ್ಟುಕೊಂಡು ಹೋದವರು ನಡುವೆ ಹೋಗಿ ಕೂರುತ್ತಾರೆ. ಹೂಳೆತ್ತಿದ ಮೇಲೂ ಈ ಗುಣ ಹೋಗುವುದಿಲ್ಲ, ಕೆಲವು ಮಳೆಗಾಲ ಕಳೆದರೆ ಮತ್ತೆ ಅದೇ.

ಹೊರಡಬೇಕಾದದ್ದು ಉಬ್ಬರದ ಕೊನೆಯ ಎರಡು ಗಂಟೆಯಲ್ಲಿ, ನೀರು ಇನ್ನೂ ಏರುತ್ತಿರುವಾಗ. ಏರುವ ನೀರಿನಲ್ಲಿ ದೋಣಿ ತಳ ಹಿಡಿದರೆ ಅರ್ಧ ಗಂಟೆ ಸುಮ್ಮನೆ ಕೂತರೆ ಸಾಕು, ನೀರೇ ಎತ್ತಿಕೊಡುತ್ತದೆ. ಇಳಿಯುವ ನೀರಿನಲ್ಲಿ ತಳ ಹಿಡಿದರೆ ಮುಂದಿನ ಉಬ್ಬರದವರೆಗೆ ಸೊಂಟಮಟ್ಟ ಕೆಸರಿನ ನಡುವೆ ಬಿಸಿಲು ಕಾಯಬೇಕು. ಆ ಕೆಸರಿಗೆ ಇಳಿದು ತಳ್ಳುವ ಸಾಹಸವೂ ಬೇಡ; ಕಾಲು ಹೂತುಕೊಳ್ಳುತ್ತದೆ, ಒಡೆದ ಚಿಪ್ಪು ಅಂಗಾಲು ಸೀಳುತ್ತದೆ. ಇಷ್ಟರ ಜೊತೆಗೆ ಸೇತುವೆಯ ಪೇಚೂ ಇದೆ. ನೀರು ಏರಿದಷ್ಟೂ ತಳಕ್ಕೆ ಅನುಕೂಲ, ತಲೆಗೆ ಅನನುಕೂಲ. ಚಾವಣಿ ಇರುವ ದೋಣಿಯಾದರೆ ನೀರಿನ ಮಟ್ಟದಿಂದ ಚಾವಣಿಯ ತುದಿಗೆ ಎಷ್ಟೆಂದು ಅಳೆದಿಟ್ಟುಕೊಳ್ಳಿ. ಕಿರುಸೇತುವೆಯ ಅಡಿ ಕನಿಷ್ಠ ಒಂದು ಮೊಳ ಬಿಡುವು ಕಾಣದಿದ್ದರೆ ನುಗ್ಗಬೇಡಿ. ಕಂಬಗಳ ಬುಡಕ್ಕೆ ಮಡಲು, ಮರದ ತುಂಡು, ಹರಿದ ಬಲೆ ಸಿಕ್ಕಿಕೊಂಡಿರುತ್ತವೆ. ಅಲ್ಲಿ ಎಂಜಿನ್ ಎತ್ತಿ ಗಳದಲ್ಲೇ ದಾಟುವುದು ಸರಿ.

ದೋಣಿ ಯಾವುದು? ತೋಡಿಗೂ ಕಾಂಡ್ಲದ, ಅಂದರೆ ಉಪ್ಪುನೀರಿನ ಮ್ಯಾಂಗ್ರೋವ್ ಕಾಡಿನ, ನಡುವಿನ ಸಂದಿಗಳಿಗೂ ಚಪ್ಪಟೆ ತಳದ ಸಣ್ಣ ದೋಣಿಯೇ ಆಗಬೇಕು. ನಾಲ್ಕೈದು ಜನ ಕೂತ ಫೈಬರ್ ದೋಣಿಯ ತಳ ನೀರಿನೊಳಗೆ ಒಂದು ಗೇಣಿನಷ್ಟು ಇಳಿದಿರುತ್ತದೆ, ಆದರೆ ಹಿಂದೆ ಕಟ್ಟಿದ ಎಂಜಿನ್ನಿನ ಕಾಲು 60 ಸೆಂ.ಮೀ.ವರೆಗೆ ಇಳಿಯುತ್ತದೆ. ತಳ ಹಿಡಿಯುವುದು ದೋಣಿಯಲ್ಲ, ಎಂಜಿನ್. ಕೆಸರಿನಲ್ಲಿ ಅದು ಕೆಡುವ ರೀತಿಯೂ ಒಂದೇ: ತಂಪಿಗಾಗಿ ನೀರು ಹೀರುವ ತೂತಿಗೆ ಕೆಸರೋ ಪ್ಲಾಸ್ಟಿಕ್ಕೋ ಅಡ್ಡ ಬರುತ್ತದೆ. ಎಂಜಿನ್ನಿನ ಹಿಂದೆ ಸಣ್ಣ ಚಿಲುಮೆಯ ಹಾಗೆ ನೀರು ಚಿಮ್ಮುತ್ತಿರುತ್ತದಲ್ಲ, ಅದರ ಮೇಲೆ ಒಂದು ಕಣ್ಣಿರಲಿ. ಚಿಮ್ಮುವುದು ನಿಂತರೆ ಆ ಕ್ಷಣವೇ ಎಂಜಿನ್ ಆರಿಸಿ, ಎತ್ತಿ, ತೂತು ಬಿಡಿಸಿ. ಇನ್ನೆರಡು ನಿಮಿಷ ಓಡಿಸೋಣ ಅಂದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪ್ರೊಪೆಲ್ಲರ್ ಬೇರಿಗೋ ಕಲ್ಲಿಗೋ ಬಡಿದರೆ ಮುರಿಯಲೆಂದೇ ಕೆಲವು ಎಂಜಿನ್ನುಗಳಲ್ಲಿ ಶಿಯರ್ ಪಿನ್ ಎಂಬ ಸಣ್ಣ ಮೊಳೆ ಇರುತ್ತದೆ. ಅಂಥ ಎಂಜಿನ್ನಾದರೆ ಎರಡು ಪಿನ್, ಒಂದು ಸ್ಪಾರ್ಕ್ ಪ್ಲಗ್, ಇಕ್ಕುಳ ಜೊತೆಗಿರಲಿ. ಬಲೆ ಸುತ್ತಿಕೊಂಡರೆ ಕೊಯ್ಯಲು ಚೂರಿ, ಹತ್ತು ಮೀಟರ್ ಹಗ್ಗ, ನೀರು ಮೊಗೆಯಲು ಕತ್ತರಿಸಿದ ಕ್ಯಾನು, ನಾಲ್ಕು ಮೀಟರಿನ ಬಿದಿರ ಗಳ. ಗಳಕ್ಕೆ ಒಂದೊಂದು ಅಡಿಗೆ ಬಣ್ಣದ ಪಟ್ಟೆ ಎಳೆದರೆ ಅದೇ ಆಳ ಅಳೆಯುವ ಕೋಲು.

ಲೈಫ್ ಜಾಕೆಟ್ ಹಾಕಿ ಪಟ್ಟಿ ಬಿಗಿಯದಿದ್ದರೆ ಅದು ನೀರಿಗೆ ಬಿದ್ದಾಗ ತಲೆಯ ಮೇಲಿಂದ ಕಳಚಿ ತೇಲುತ್ತದೆ, ನೀವು ಮುಳುಗುತ್ತೀರಿ. ಜನ ಹತ್ತಿದ ಮೇಲೆ ನೀರಿನಿಂದ ದೋಣಿಯ ಅಂಚಿಗೆ ಒಂದು ಗೇಣಿಗಿಂತ ಹೆಚ್ಚು ಎತ್ತರ ಉಳಿಯಬೇಕು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ ಸತ್ತದ್ದು ಮಿತಿ ಮೀರಿ ಜನ ಹತ್ತಿದ್ದ ಬೋಟಿನಲ್ಲಿ, ಕತ್ತಲಾಗುವ ಹೊತ್ತಿಗೆ. ಪ್ರಾಣಿ ಪಕ್ಷಿ ನೋಡುವ ಗುಂಪಿಗೆ ಇನ್ನೊಂದು ಅಪಾಯ ಹೆಚ್ಚುವರಿ: ನೀರುನಾಯಿ ಕಂಡಿತು ಅಂದರೆ ಎಲ್ಲರೂ ಒಂದೇ ಬದಿಗೆ ಏಳುತ್ತಾರೆ. ಕೂತಲ್ಲಿಂದಲೇ ನೋಡುವುದು, ಏಳುವುದಿದ್ದರೆ ಒಬ್ಬೊಬ್ಬರೇ ಎಂದು ಕಡವಿನಲ್ಲೇ ಮಾತಾಡಿಕೊಳ್ಳಬೇಕು.

ತೋಡಿನೊಳಗೆ ನಡಿಗೆಯ ವೇಗ ಸಾಕು. ಅದಕ್ಕಿಂತ ಜೋರಾದರೆ ಹಿಂದೆ ಏಳುವ ಅಲೆ ದಡದ ಮಣ್ಣು ಕೆಡವುತ್ತದೆ, ಅದೂ ಹೂಳಾಗಿ ನಿಮ್ಮ ದಾರಿಯಲ್ಲೇ ಬೀಳುತ್ತದೆ. ತಿರುವಿನಲ್ಲಿ ಹೊರಬದಿ ಹಿಡಿಯಿರಿ, ಒಳಬದಿಯಲ್ಲಿ ಹೂಳು.

ಈ ಭಾಗದ ನಿಜವಾದ ಸಿರಿ ಕಾಂಡ್ಲ. ಕೇರಳದಲ್ಲಿ ಅತಿ ಹೆಚ್ಚು ಕಾಂಡ್ಲ ಇರುವುದು ಕಣ್ಣೂರು ಜಿಲ್ಲೆಯಲ್ಲೇ. ಕುಂಞಿಮಂಗಲ, ಪಳಯಂಗಾಡಿ ಸುತ್ತ ಅದು ದಟ್ಟವಾಗಿದೆ. ಪಳಯಂಗಾಡಿ ಬಳಿಯ ಏಳೋಂನ ಕಲ್ಲೇನ್ ಪೊಕ್ಕುಡನ್ 1989ರಲ್ಲಿ ಐನೂರು ಸಸಿ ನೆಟ್ಟು ಶುರುಮಾಡಿದವರು, 2015ರಲ್ಲಿ ತೀರಿಕೊಳ್ಳುವವರೆಗೂ ನೆಡುತ್ತಲೇ ಇದ್ದರು. ಜನ ಅವರನ್ನು ಕಂಡಲ್ ಪೊಕ್ಕುಡನ್ ಎಂದೇ ಕರೆದರು. ದೋಣಿ ನಿಲ್ಲಿಸಿ ಒಂದು ಮರ ಹತ್ತಿರದಿಂದ ನೋಡಿ. ಬಿಲ್ಲಿನಂತೆ ಬಾಗಿ ಕೆಸರಿಗೆ ಇಳಿದ ಊರುಬೇರುಗಳ ಜಾತಿಯಲ್ಲಿ ಕೊಂಬೆಯಿಂದ ನುಗ್ಗೆಕಾಯಿಯಂತೆ ಹಸಿರು ಕೋಲುಗಳು ಜೋತಿರುತ್ತವೆ. ಅದು ಕಾಯಲ್ಲ, ಮರದಲ್ಲೇ ಮೊಳೆತ ಸಸಿ. ಇಳಿತದ ಹೊತ್ತಿಗೆ ಬಿದ್ದರೆ ಚೂಪು ತುದಿ ಕೆಸರಿಗೆ ನೆಟ್ಟು ಅಲ್ಲೇ ಬೇರು ಬಿಡುತ್ತದೆ, ಉಬ್ಬರಕ್ಕೆ ಬಿದ್ದರೆ ತೇಲಿ ಬೇರೆ ದಡ ಹುಡುಕುತ್ತದೆ. ಪಕ್ಕದಲ್ಲೇ ಕೆಸರಿನಿಂದ ಪೆನ್ಸಿಲ್ ಚುಚ್ಚಿಟ್ಟಂತೆ ನೂರಾರು ಬೇರು ಮೇಲೆ ಬಂದಿರುವ ಜಾತಿ ಉಪ್ಪಟ್ಟಿ. ಅದರ ಎಲೆಗೆ ನಾಲಗೆ ತಾಗಿಸಿದರೆ ಉಪ್ಪು: ಹೀರಿದ ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ. ಆದರೆ ಸಿಕ್ಕ ಸಿಕ್ಕ ಎಲೆ ಮುರಿಯಬೇಡಿ. ಮುರಿದರೆ ಹಾಲು ಸುರಿಸುವ ಒಂದು ಜಾತಿ ಇಲ್ಲಿದೆ, ಮಲಯಾಳದಲ್ಲಿ ಅದಕ್ಕೆ ಕಣ್ಣಾಂಪೊಟ್ಟಿ ಅನ್ನುತ್ತಾರೆ. ಆ ಹಾಲು ಕಣ್ಣಿಗೆ ಬಿದ್ದರೆ ಕೆಲ ಹೊತ್ತು ಕಾಣದಂತಾಗುತ್ತದೆ. ದೋಣಿ ಕೊಂಬೆಗಳ ಕೆಳಗೆ ನುಸುಳುವಾಗ ಮುಂದಿನವರು ಕೊಂಬೆ ಹಿಡಿದು ಬಿಡುತ್ತಾರೆ, ಅದು ಹಿಂದಿನವರ ಮುಖಕ್ಕೆ ಬಡಿಯುತ್ತದೆ. ಬಿದ್ದರೆ ಉಜ್ಜದೆ ಕುಡಿಯುವ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಮೇಲೆ ವೈದ್ಯರಲ್ಲಿಗೆ.

ದಡದಾಚೆ ಕಾಣುವ ನೀರುಗದ್ದೆಗಳು ಕೈಪಾಡ್, ಅಂದರೆ ಉಪ್ಪುನೀರು ನುಗ್ಗುವ ಭತ್ತದ ಗದ್ದೆ. ಕುಮಟಾ ಕಡೆಯ ಗಜನಿ ಗದ್ದೆ, ಕಗ್ಗ ಭತ್ತ ಗೊತ್ತಿರುವವರಿಗೆ ಬೇರೆ ವಿವರಣೆ ಬೇಡ. ಬೇಸಿಗೆಯಲ್ಲಿ ಮಣ್ಣಿನ ಗುಪ್ಪೆ ಎಬ್ಬಿಸಿಟ್ಟು, ಮಳೆ ಬಂದು ಉಪ್ಪು ತೊಳೆದುಹೋದ ಮೇಲೆ ಗುಪ್ಪೆಯ ತಲೆಯಲ್ಲಿ ಭತ್ತ ಹಾಕುತ್ತಾರೆ. ಕೊಯ್ಲಾದ ಮೇಲೆ ಉಳಿದ ಹುಲ್ಲು ನೀರಲ್ಲೇ ಕೊಳೆತು ಸಿಗಡಿಗೆ ಮೇವಾಗುತ್ತದೆ. ಇಳಿತಕ್ಕೆ ತೂಬು ತೆರೆದಾಗ ಬಾಯಿಗೆ ಬಲೆ ಕಟ್ಟಿರುತ್ತಾರೆ, ಬೆಳ್ಳಕ್ಕಿಗಳು ಪಡಿತರದ ಸಾಲಿನಂತೆ ನಿಂತಿರುತ್ತವೆ. ನೋಡಲು ಸೊಗಸು, ಆದರೆ ದೋಣಿ ತೂಬಿನಿಂದ ಇಪ್ಪತ್ತು ಮೀಟರ್ ಆಚೆಗಿರಲಿ; ಸೆಳೆತ ಪಕ್ಕಕ್ಕೆ ತಿರುಗಿಸಿಬಿಡುತ್ತದೆ.

ಹಕ್ಕಿಗಳ ವಿಷಯಕ್ಕೆ ಬಂದಾಗ ಲೆಕ್ಕ ತಲೆಕೆಳಗು. ನವೆಂಬರಿನಿಂದ ಮಾರ್ಚ್‌ವರೆಗೆ ಬರುವ ಗೊರವ ಎಂಬ ವಲಸೆ ನೀರಂಚಿನ ಹಕ್ಕಿಗಳಿಗೆ ಬೇಕಾದದ್ದು ಬಯಲಾದ ಕೆಸರು. ಉಬ್ಬರದಲ್ಲಿ ಅವು ಎಲ್ಲೋ ದಿಬ್ಬದಲ್ಲಿ ಒಂಟಿಕಾಲಲ್ಲಿ ನಿದ್ದೆ ಮಾಡುತ್ತಿರುತ್ತವೆ. ಆದ್ದರಿಂದ ಉಬ್ಬರದ ಕೊನೆಗೆ ತೋಡು ದಾಟಿ ಮುಗಿಸಿ, ನೀರು ತಿರುಗುವ ಹೊತ್ತಿಗೆ ಅಗಲ ಹೊಳೆಗೆ ಬಂದಿರಬೇಕು. ಅಲ್ಲಿಂದ ಎಂಜಿನ್ ಆರಿಸಿ ಇಳಿತದ ಜೊತೆಗೇ ತೇಲಬೇಕು. ಇಳಿತ ಶುರುವಾಗಿ ಎರಡನೆಯ ಗಂಟೆಗೆ ಕೆಸರಿನ ಮೊದಲ ಪಟ್ಟಿ ಕಾಣುತ್ತದೆ, ಹಕ್ಕಿ ಇಳಿಯುವುದು ಆ ಪಟ್ಟಿಗೆ. ದೋಣಿ ಆಳದ ಸಾಲಿನಲ್ಲೇ ಇರಲಿ. ನೇರ ಹಕ್ಕಿಯತ್ತ ಹೋಗದೆ ಓರೆಯಾಗಿ ಸಾಗಿದರೆ ಹತ್ತಿರ ಬಿಟ್ಟುಕೊಳ್ಳುತ್ತವೆ. ತಿನ್ನುವುದು ನಿಲ್ಲಿಸಿ ತಲೆ ಎತ್ತಿದರೆ ಅದು ಮೊದಲ ಎಚ್ಚರಿಕೆ, ಅಲ್ಲೇ ನಿಲ್ಲಿ. ಎರಡನೆಯದು ನಡೆದು ದೂರ ಸರಿಯುವುದು. ಮೂರನೆಯದಕ್ಕೆ ರೆಕ್ಕೆ ಬಿಚ್ಚುತ್ತವೆ, ಆಮೇಲೆ ಇಡೀ ಹಿಂಡೇ ಖಾಲಿ. ಬೈನಾಕ್ಯುಲರ್ ಎಂಟು ಪಟ್ಟಿನದ್ದು ಸಾಕು, ದೋಣಿಯ ಓಲಾಟದಲ್ಲಿ ಹತ್ತರದ್ದು ನಡುಗುತ್ತದೆ.

ಗುರುತಿನಲ್ಲಿ ತಪ್ಪುವುದು ಎರಡು ಮೂರು ಕಡೆ. ಕಾಂಡ್ಲದ ಮಿಂಚುಳ್ಳಿಗೆ ತಲೆ ಕಪ್ಪು, ಕೊರಳಿಗೆ ಬಿಳಿ ಪಟ್ಟಿ ಇದ್ದರೆ ಅದು ಚಳಿಗಾಲದ ಅತಿಥಿ ಕರಿತಲೆ ಮಿಂಚುಳ್ಳಿ. ತಲೆ ಕಂದಾದರೆ ನಮ್ಮ ಗದ್ದೆಬದಿಯದ್ದೇ. ಬೂದಿಗಪ್ಪು ಮೈ, ಬಿಳಿ ಗಂಟಲಿನ ಬಕ ಕಂಡರೆ ಅದು ಕಡಲಂಚಿನ ಬಕ. ಅದರಲ್ಲೇ ಬಿಳಿ ಬಣ್ಣದವೂ ಇರುವುದರಿಂದ ಬೆಳ್ಳಕ್ಕಿ ಎಂದು ಬರೆದುಬಿಡುತ್ತೇವೆ. ಕೊಕ್ಕು ದಪ್ಪ, ಹಳದಿ ಮಿಶ್ರಿತ ಕಂದು ಇದೆಯೇ ನೋಡಿ. ಮೇಲೆ ಗರುಡ ಎಲ್ಲೆಲ್ಲೂ ಇರುತ್ತದೆ. ಅದಕ್ಕಿಂತ ಬಹಳ ದೊಡ್ಡದು, ರೆಕ್ಕೆಗಳನ್ನು ಮೇಲಕ್ಕೆ ಎತ್ತಿ ಹಿಡಿದು ತೇಲುವ, ಗಿಡ್ಡ ಬಾಲದ ಬಿಳಿ ಹಕ್ಕಿ ಕಂಡರೆ ಅದು ಬಿಳಿಹೊಟ್ಟೆಯ ಕಡಲಹದ್ದು. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಪಕ್ಷಿ, ಮರ, ಹೂವುಗಳನ್ನು ಘೋಷಿಸಿದಾಗ ಪಕ್ಷಿಯ ಸ್ಥಾನ ಇದಕ್ಕೆ, ಮರದ ಸ್ಥಾನ ಕಾಸರಕಕ್ಕೆ ಸಿಕ್ಕಿತು. ಕಡಲ ಹತ್ತಿರದ ಎತ್ತರದ ಮರಗಳಲ್ಲಿ, ದೈವದ ಕಾವುಗಳಲ್ಲಿ, ಅಂದರೆ ದೇವರ ಬನಗಳಲ್ಲಿ, ವರ್ಷ ವರ್ಷ ಅದೇ ಗೂಡಿಗೆ ಕಡ್ಡಿ ಸೇರಿಸುತ್ತದೆ. ಗೂಡಿನ ಮರದ ಬುಡಕ್ಕೆ ದೋಣಿ ಕಟ್ಟಬೇಡಿ, ಗೂಡಿನ ಜಾಗವನ್ನು ಫೋಟೋದ ಜೊತೆ ಹಾಕಬೇಡಿ.

ಕವ್ವಾಯಿ ಕಾಯಲಿಗೆ ಬೇರೆಯೇ ದಿನ ಇಡಿ, ತೋಡಿನ ಜೊತೆ ಒಂದೇ ದಿನಕ್ಕೆ ಕಟ್ಟಿಹಾಕಬೇಡಿ. ರೈಲಿನಲ್ಲಿ ನೀಲೇಶ್ವರಕ್ಕೆ ಇಳಿದರೆ ಕೋಟ್ಟಪ್ಪುರಂ ಕಡವು, ತ್ರಿಕ್ಕರಿಪುರಕ್ಕೆ ಇಳಿದರೆ ಆಯಿಟ್ಟಿ. ತೋಡಿಗಾದರೆ ಪಳಯಂಗಾಡಿಯಲ್ಲೇ ನಿಲ್ದಾಣ. ಕಾಯಲಿನ ಪಡುವಣಕ್ಕೆ ವಲಿಯಪರಂಬ, ಇಪ್ಪತ್ತು ಕಿಲೋಮೀಟರಿಗೂ ಉದ್ದದ ಮರಳಿನ ಪಟ್ಟಿ, ಅದರಾಚೆ ಕಡಲು. ಹನ್ನೊಂದರ ಮೇಲೆ ಪಡುಗಾಳಿ ಏಳುತ್ತದೆ. ಹೆದರಿದವರು ಊರ ಕಡೆಯ ಮೂಡುದಡಕ್ಕೆ ಓಡುತ್ತಾರೆ, ಅಲೆ ಒಟ್ಟಾಗುವುದು ಅಲ್ಲೇ. ಪಡುಗಾಳಿಗೆ ನೀರು ಶಾಂತವಾಗಿರುವುದು ವಲಿಯಪರಂಬದ ಮಗ್ಗುಲಲ್ಲಿ. ಅಳಿವೆಯ ಬಾಯಿಗಂತೂ ಇಳಿತದ ಹೊತ್ತಿಗೆ ಹೋಗಲೇಬಾರದು. ಹೊರಹೋಗುವ ನೀರಿಗೆ ಕಡಲಿನ ಅಲೆ ಎದುರಾಗಿ ಅಲ್ಲೇ ಒಡೆಯುತ್ತದೆ.

ಪಡನ್ನದ ಸುತ್ತ ನೀರಿನಲ್ಲಿ ಬಿದಿರ ಚಪ್ಪರಗಳು ಕಾಣುತ್ತವೆ. ಅವು ಪಚ್ಚಿಲೆಯ, ಅಂದರೆ ತಿನ್ನುವ ಚಿಪ್ಪುಜೀವಿಯ, ತೋಟ, ಮಲಯಾಳದಲ್ಲಿ ಕಲ್ಲುಮ್ಮಕ್ಕಾಯ. ಮರಿ ಪಚ್ಚಿಲೆಯನ್ನು ಹಗ್ಗದ ಸುತ್ತ ಇಟ್ಟು ತೆಳು ಹತ್ತಿಬಟ್ಟೆಯಲ್ಲಿ ಸುತ್ತಿ ಹೊಲಿದು ಇಳಿಬಿಡುತ್ತಾರೆ. ಬಟ್ಟೆ ಕೆಲವೇ ದಿನಕ್ಕೆ ಕೊಳೆತುಹೋಗುತ್ತದೆ, ಅಷ್ಟರೊಳಗೆ ಮರಿಗಳು ತಮ್ಮದೇ ನಾರಿನಿಂದ ಹಗ್ಗ ಹಿಡಿದಿರುತ್ತವೆ. ಮಳೆ ಹಿಡಿದು ನೀರು ಸಿಹಿಯಾದರೆ ಸಾಯುವುದರಿಂದ ಮೇ ತಿಂಗಳೊಳಗೆ ಎಲ್ಲ ಕೀಳಬೇಕು. ಚಪ್ಪರದ ನಡುವೆ ದೋಣಿ ನುಗ್ಗಿಸಿದರೆ ಒಂದು ಕುಟುಂಬದ ಆರು ತಿಂಗಳ ದುಡಿಮೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಕಾಯಲಿನ ನಡುವಿನ ಎಡಯಿಲೆಕ್ಕಾಡು ದ್ವೀಪದಲ್ಲಿ ಇಳಿದರೆ ಕಾವಿನ ಮಂಗಗಳಿಗೆ ತಿಂಡಿ ಹಾಕಬೇಡಿ. ಓಣಂ ಸಮಯಕ್ಕೆ ಊರವರೇ ಅವಕ್ಕೆ ಎಲೆ ಹಾಕಿ ಬಡಿಸುತ್ತಾರೆ.

ಇದೆಲ್ಲ ನಮ್ಮ ಶಿರಿಯ, ಮೊಗ್ರಾಲ್ ಹೊಳೆಗಳಲ್ಲಿ ಆಗದೇ ಎಂದು ಕೇಳುವವರಿದ್ದಾರೆ. ಅಳಿವೆಯೂ ಇದೆ, ಕಾಂಡ್ಲವೂ ಇದೆ, ಸಮೀಪದಲ್ಲೇ ಹಕ್ಕಿಗಳ ಕಿದೂರು ಇದೆ. ಬೇಕಾದದ್ದು ಆ ಕಡವಿನ ಹೊತ್ತು. ಮುಂದಿನ ಅಮಾವಾಸ್ಯೆಗೆ ಒಂದು ಕಂಬಕ್ಕೆ ಸುಣ್ಣದಲ್ಲಿ ಗೆರೆ ಎಳೆದು, ನೀರು ಅತಿ ಮೇಲೆ ಮುಟ್ಟಿದ ಗಂಟೆ ಬರೆದಿಡಿ. ಹುಣ್ಣಿಮೆಗೆ ಮತ್ತೊಮ್ಮೆ ನೋಡಿ. ಎರಡೂ ಅರ್ಧ ಗಂಟೆಯೊಳಗೆ ಹೊಂದಿದರೆ ಅಲ್ಲಿಂದ ತಿಥಿಗೆ ಎರಡು ಗಳಿಗೆ ಕೂಡಿಸುತ್ತ ಹೋಗಬಹುದು.